ಡಬ್ಬಿ ಕೈಗೆ ಬರುವ ಮೊದಲು

ನನ್ನ ಮೇಜಿನ ಮೇಲೆ ಔಷಧದ ಚೀಟಿಗಳ ಪಕ್ಕದಲ್ಲೇ ಒಂದು ಗಾಜಿನ ಲೋಟ, ಒಂದು ಚಮಚ, ಸಕ್ಕರೆಯ ಡಬ್ಬಿ ಇರುತ್ತವೆ. ಮಧುಮೇಹದ ಹೊಸ್ತಿಲಲ್ಲಿ ನಿಂತವರು ಬಂದು, "ಸಿಹಿ ಮುಟ್ಟುವುದೇ ಇಲ್ಲ ಡಾಕ್ಟರೇ" ಎಂದಾಗ ಅವಕ್ಕೆ ಕೆಲಸ. "ತಂಪು ಪಾನೀಯ?" ಎಂದು ಕೇಳುತ್ತೇನೆ. "ಅದು ಬಾಯಾರಿಕೆಗೆ!" ಸರಿ, 100 ಮಿಲಿಲೀಟರಿಗೆ 10.6 ಗ್ರಾಂ ಸಕ್ಕರೆ ಇರುವ ಪಾನೀಯದ 330 ಮಿಲಿಲೀಟರ್ ಡಬ್ಬಿ ಎಂದರೆ ಸುಮಾರು 35 ಗ್ರಾಂ. ಚಮಚಕ್ಕೆ 4 ಗ್ರಾಂ ಲೆಕ್ಕ ಹಿಡಿದು ಲೋಟಕ್ಕೆ ಸುರಿಯುತ್ತಾ ಹೋಗುತ್ತೇನೆ. ಐದನೆಯ ಚಮಚಕ್ಕೆ ಎದುರಿನವರ ನಗು ಮಾಯವಾಗುತ್ತದೆ. ಇನ್ನೂ ನಾಲ್ಕು ಬಾಕಿ ಇರುತ್ತವೆ.

ಈ ಪ್ರದರ್ಶನದ ಪ್ರಭಾವ ಎಷ್ಟು ದಿನ ಎಂದು ಕೇಳಬೇಡಿ. ಮೂರು ತಿಂಗಳ ನಂತರ ಬರುವ ರಕ್ತಪರೀಕ್ಷೆಯ ವರದಿ ಬಹುಪಾಲು ಹಳೆಯ ಕಥೆಯನ್ನೇ ಹೇಳುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ದಿನಕ್ಕೆ ಹತ್ತು ಬಾರಿ ಕಣ್ಣಿಗೆ ಬೀಳುವ ವಸ್ತುವನ್ನು ಹತ್ತು ಬಾರಿಯೂ ಬೇಡವೆನ್ನುವುದು ಎಂಥ ದುಡಿಮೆಯೆಂದು ನಾನೇ ಒಮ್ಮೆ ಸಕ್ಕರೆ ಬಿಡಲು ಹೋದಾಗ ಅರ್ಥವಾಯಿತು.

ಈ ದುಡಿಮೆಯನ್ನು ಕಾನೂನು ಹಗುರ ಮಾಡಲಿ ಎಂದರೆ, "ನಾನು ಏನು ಕುಡಿಯಬೇಕೆಂದು ಹೇಳಲು ಸರಕಾರ ಯಾರು?" ಎಂಬ ಪ್ರಶ್ನೆ ಏಳುತ್ತದೆ. ಅದು ನ್ಯಾಯವಾದದ್ದೇ. ಧೂಮಪಾನದ ವಿಷಯದಲ್ಲಿ ಉತ್ತರ ಸುಲಭ, ಏಕೆಂದರೆ ಹೊಗೆ ಪಕ್ಕದವರ ಎದೆಗೂ ಇಳಿಯುತ್ತದೆ. 2004ರಲ್ಲಿ ಐರ್ಲೆಂಡ್ ಕೆಲಸದ ಸ್ಥಳಗಳಲ್ಲಿ ಸಿಗರೇಟು ನಿಷೇಧಿಸಿದ್ದು ಅಲ್ಲಿ ದುಡಿಯುವವರ ಹೆಸರಿನಲ್ಲಿ. ಸಕ್ಕರೆ, ಉಪ್ಪು, ಕೊಬ್ಬಿಗೆ ಈ ವಾದ ಒಗ್ಗುವುದಿಲ್ಲ. ತಿಂದವನೇ ಅನುಭವಿಸುತ್ತಾನೆ. ಹಾಗಾದರೆ ಕಾನೂನು ಹಿಡಿಯಬೇಕಾದದ್ದು ತಿನ್ನುವವನ ಕೈಯನ್ನೋ, ತಯಾರಿಸುವವನ ಕೈಯನ್ನೋ?

ಡೆನ್ಮಾರ್ಕ್ ಎರಡನ್ನೂ ಮಾಡಿ ನೋಡಿದೆ. 2003ರಲ್ಲಿ ಅದು ಕೈಗಾರಿಕೆಗಳು ಎಣ್ಣೆಯನ್ನು ಗಟ್ಟಿಗೊಳಿಸುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು 100 ಗ್ರಾಂ ಕೊಬ್ಬಿನಲ್ಲಿ 2 ಗ್ರಾಂ ಮೀರಬಾರದು ಎಂದಿತು. ಕಾರ್ಖಾನೆಗಳು ಎಣ್ಣೆ ಬದಲಿಸಿದವು. ತಿನ್ನುವವರು ಏನನ್ನೂ ಬಿಡಬೇಕಾಗಲಿಲ್ಲ. ಅದೇ ದೇಶ 2011ರಲ್ಲಿ ಬೆಣ್ಣೆ, ಚೀಸ್, ಮಾಂಸಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬಿನ ಮೇಲೆ ತೆರಿಗೆ ಹೇರಿತು. ಬೆಣ್ಣೆಯಿಂದ ಕೊಬ್ಬು ತೆಗೆದರೆ ಉಳಿಯುವುದೇನು? ತಯಾರಕರು ಬದಲಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ, ಹೊರೆ ಕೊಳ್ಳುವವರ ಮೇಲೆಯೇ ಬಿತ್ತು. ಜನ ಗಡಿ ದಾಟಿ ಜರ್ಮನಿಯಲ್ಲಿ ಖರೀದಿ ಮಾಡಿದರು. 2013ರ ಆರಂಭಕ್ಕೆ ತೆರಿಗೆ ರದ್ದಾಯಿತು.

ಈ ವ್ಯತ್ಯಾಸವನ್ನು ಬ್ರಿಟನ್ ಜಾಣತನದಿಂದ ಬಳಸಿಕೊಂಡಿತು. ಅಲ್ಲಿ 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪಾನೀಯ ತೆರಿಗೆಗೆ ಎರಡು ಮೆಟ್ಟಿಲು: 100 ಮಿಲಿಲೀಟರಿಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ತೆರಿಗೆಯಿಲ್ಲ, 8 ಗ್ರಾಂ ತಲುಪಿದರೆ ಹೆಚ್ಚಿನ ದರ. ಘೋಷಣೆಯಾದದ್ದು ಎರಡು ವರ್ಷ ಮೊದಲೇ. ಆ ಬಿಡುವಿನಲ್ಲಿ ಹಲವು ಕಂಪನಿಗಳು ತಮ್ಮ ಪಾಕವನ್ನೇ ಬದಲಿಸಿ 5 ಗ್ರಾಂ ಗೆರೆಯ ಕೆಳಗಿಳಿದವು. ಬೊಕ್ಕಸಕ್ಕೆ ಕಡಿಮೆ ಬಂದಷ್ಟೂ ಗೆದ್ದಂತೆ ಎನ್ನಬಹುದಾದ ತೆರಿಗೆಗಳು ಅಪರೂಪ. ದಿನವೂ ಅದೇ ಡಬ್ಬಿ ತೆರೆಯುವವನ ಹೊಟ್ಟೆಗೆ, ಅವನು ಯಾವ ಶಪಥವನ್ನೂ ಮಾಡದೆ, ಸಕ್ಕರೆ ಕಡಿಮೆ ಹೋಗುತ್ತದೆ. ನನ್ನ ಒಂಬತ್ತು ಚಮಚಗಳಿಂದ ಆಗದ ಕೆಲಸವಿದು.

ಬೊಜ್ಜು ಇರುವವರಿಗೆ ದಂಡ ಹಾಕಬೇಕು, ಅವರ ವಿಮೆಯ ಕಂತು ಏರಿಸಬೇಕು ಎನ್ನುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೈಗುಳದ ಭಯಕ್ಕೆ ತೂಕದ ಯಂತ್ರ ಹತ್ತಲು ಹಿಂಜರಿಯುವವರನ್ನು ದಿನವೂ ನೋಡುತ್ತೇನೆ. ದಂಡ ಬಂದರೆ ಅವರು ನನ್ನ ಬಾಗಿಲಿಗೂ ಬರುವುದಿಲ್ಲ.

ಪಾಕ ಬದಲಾವಣೆಯಲ್ಲೂ ಒಂದು ತಕರಾರಿದೆ. ತೆಗೆದ ಸಕ್ಕರೆಯ ಜಾಗಕ್ಕೆ ಹಲವು ಕಡೆ ಕೃತಕ ಸಿಹಿ ಬಂದಿದೆ. ತೂಕ ಇಳಿಸಲು ಅದನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ಹಾಗಾಗಿ ಲೋಟದೊಳಗಿನ ಸಕ್ಕರೆಯ ಗುಡ್ಡವನ್ನು ನೋಡುತ್ತಾ, "ಹಾಗಾದರೆ ಸಕ್ಕರೆ ಇಲ್ಲದ ಡಬ್ಬಿ ಕುಡಿಯಲೇ?" ಎಂದು ಯಾರಾದರೂ ಕೇಳಿದರೆ, ಸಕ್ಕರೆ ತುಂಬಿದ ಪಾನೀಯಕ್ಕಿಂತ ಅದು ವಾಸಿ, ನೀರು ಇನ್ನೂ ವಾಸಿ ಎನ್ನುತ್ತೇನೆ. ಆಮೇಲೆ ಸಕ್ಕರೆಯನ್ನು ಮತ್ತೆ ಡಬ್ಬಿಗೆ ಸುರಿದು ಮುಂದಿನವರನ್ನು ಕರೆಯುತ್ತೇನೆ.