ಬಾಯಿ ಮುಚ್ಚಿಸಿದರೆ ಗೇಜ್ ಏರುವುದಿಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಅಂದರೆ ಮಾನ್ವಿ, ಸಿರವಾರ, ರಾಯಚೂರು ಕಡೆ, ನೀರಿನ ಸಭೆಗಳು ದಿಕ್ಕು ತಪ್ಪುವುದು ಹೆಚ್ಚುಕಮ್ಮಿ ಒಂದೇ ರೀತಿ. ಒಬ್ಬ ರೈತ ಎದ್ದು, ‘ಮೈಲ್ 104ರಾಗ ಗೇಜ್ ಇಳದೈತ್ರಿ, ಮ್ಯಾಲಿನವರು ಪಂಪ್ ಹಚ್ಚ್ಯಾರ’ ಎನ್ನುತ್ತಾನೆ (ಗೇಜ್ ಎಂದರೆ ಕಾಲುವೆಯ ನೀರಿನ ಮಟ್ಟದ ಅಳತೆ; ಮೈಲ್ 104 ಎಂದರೆ ಕಾಲುವೆಯ 104ನೇ ಮೈಲು). ಕೂಡಲೇ ಇನ್ನೊಬ್ಬ, ‘ನೀ ಏನ್ ಹೇಳ್ತೀಯೋ, ಹ್ವಾದ ವರ್ಷ ಕಾಲುವಿ ಮ್ಯಾಲ ನಿಂದೇ ಪಂಪ್ ಇತ್ತಲ್ಲ’ ಎಂದು ಮೇಲೇಳುತ್ತಾನೆ. ಮುಂದಿನ ಅರ್ಧ ಗಂಟೆ ಹೋದ ವರ್ಷದ ಪಂಪಿನದೇ ಪಂಚಾಯ್ತಿ. ಈ ವರ್ಷದ ಗೇಜ್ ಎಷ್ಟು ಎಂಬ ಪ್ರಶ್ನೆ ಎಂಜಿನಿಯರ್ ಸಾಹೇಬರ ಜೊತೆಗೇ ಜೀಪು ಹತ್ತಿರುತ್ತದೆ.

ಹೇಳಿದ ಮಾತು ಬಿಟ್ಟು ಹೇಳಿದವನ ಮೇಲೆ ಹೋಗುವುದೇ ತಪ್ಪು ಎಂದು ವಕೀಲರು ಉಪದೇಶ ಮಾಡಿದರೆ ಜನ ನಕ್ಕಾರು. ಪಾಟಿ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ವಕೀಲರು ಪ್ರಶ್ನಿಸುವಾಗ, ದಿನವೂ ನಡೆಯುವುದು ಅದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 149ನೇ ಕಲಂ, ಸಾಕ್ಷಿಯ ಚಾರಿತ್ರ್ಯಕ್ಕೆ ಪೆಟ್ಟಾಗುವಂಥ ಪ್ರಶ್ನೆ ಕೇಳಿ ಅವನ ವಿಶ್ವಾಸಾರ್ಹತೆ ಅಲುಗಿಸಲು ಅವಕಾಶ ಕೊಟ್ಟಿದೆ. ಆದರೆ ಕೊಟ್ಟ ಕೈಯೇ ಲಗಾಮನ್ನೂ ಹಿಡಿದಿದೆ. ಅಂಥ ಪ್ರಶ್ನೆಗೆ ಸಾಕ್ಷಿ ಉತ್ತರಿಸಲೇಬೇಕೇ ಎಂದು ತೀರ್ಮಾನಿಸುವಾಗ ನ್ಯಾಯಾಧೀಶರು 151ನೇ ಕಲಂ ಪ್ರಕಾರ ಕೆಲವು ಸಂಗತಿ ನೋಡಬೇಕು: ಆರೋಪ ನಿಜವೇ ಆಗಿದ್ದರೆ ಅವನ ಸಾಕ್ಷ್ಯದ ಮೇಲಿನ ನಂಬಿಕೆ ನಿಜಕ್ಕೂ ಕುಸಿಯುತ್ತದೆಯೇ, ಆರೋಪ ತೀರಾ ಹಳೆಯದೇ, ಅವನು ಹೇಳಿದ್ದು ಸಣ್ಣ ಸಂಗತಿ, ಅವನ ಮೇಲೆ ಹೊರಿಸಿದ್ದು ಬೆಟ್ಟದಂಥ ಅಪವಾದ ಎಂಬಂತಾಗಿದೆಯೇ. 152ನೇ ಕಲಂ ಇನ್ನೂ ಖಡಕ್ಕು. ಏನೇನೂ ಗೊತ್ತಿಲ್ಲದ ಸಾಕ್ಷಿಯನ್ನು ಸುಮ್ಮನೆ ‘ನೀನು ದರೋಡೆಕೋರನೇ?’ ಎಂದು ಕೇಳುವಂತಿಲ್ಲ. ಕೇಳಲು ಸಮಂಜಸ ಆಧಾರ ಇರಬೇಕು.

ಸಭೆಗಳಿಗೆ ನೇರವಾಗಿ ಎತ್ತಿಕೊಳ್ಳಬಹುದಾದದ್ದು 156ನೇ ಕಲಂ. ಚಾರಿತ್ರ್ಯ ಕುಂದಿಸಲಿಕ್ಕಷ್ಟೇ ಕೇಳಿದ ಪ್ರಶ್ನೆಗೆ ಸಾಕ್ಷಿ ಉತ್ತರ ಕೊಟ್ಟರೆ ಅಲ್ಲಿಗೆ ಮುಗಿಯಿತು, ಅದು ಸುಳ್ಳೆಂದು ತೋರಿಸಲು ಬೇರೆ ಸಾಕ್ಷಿ ಕರೆತರುವಂತಿಲ್ಲ. ಹಿಂದಿನ ಶಿಕ್ಷೆಯನ್ನು ಅಲ್ಲಗಳೆದಾಗ ಮತ್ತು ಅವನ ನಿಷ್ಪಕ್ಷಪಾತದ ಪ್ರಶ್ನೆ ಬಂದಾಗ ಮಾತ್ರ ವಿನಾಯಿತಿ. ಉತ್ತರ ಸುಳ್ಳಾಗಿದ್ದರೆ ಸುಳ್ಳು ಸಾಕ್ಷ್ಯದ ಕೇಸು ಬೇರೆಯಾಗಿ ನಡೆಯಲಿ. ಹೀಗಿಲ್ಲದಿದ್ದರೆ ಜಮೀನಿನ ದಾವೆ ಪಕ್ಕಕ್ಕೆ ಬಿದ್ದು, ಸಾಕ್ಷಿ ಎಂಥವನು ಎಂಬುದರ ಮೇಲೇ ಇನ್ನೊಂದು ವಿಚಾರಣೆ ಶುರುವಾಗುತ್ತದೆ.

ಹಾಗಾದರೆ ಹೇಳಿದವನನ್ನು ಪ್ರಶ್ನಿಸುವುದು ಯಾವಾಗ ಸರಿ? ಅವನು ತನ್ನ ಬಾಯಿಮಾತನ್ನೇ ನಂಬಿ ಎನ್ನುತ್ತಿದ್ದಾನೋ, ಎಲ್ಲರೂ ನೋಡಬಹುದಾದ ಆಧಾರ ಇಟ್ಟಿದ್ದಾನೋ ಎಂಬುದೇ ಗೆರೆ. ‘ರಾತ್ರಿ ಎರಡಕ್ಕ ಪಂಪ್ ನಡಿಯೋದು ನಾನೇ ಕಣ್ಣಾರೆ ನೋಡೀನಿ’ ಎಂದರೆ, ಆ ಹೊತ್ತಿನಲ್ಲಿ ಅವನು ಅಲ್ಲೇಕೆ ಇದ್ದ, ಪಂಪಿನವನಿಗೂ ಅವನಿಗೂ ಬದುವಿನ ಜಗಳ ಇದೆಯೇ ಎಂದು ಕೇಳುವುದು ನ್ಯಾಯವೇ. ಅದೇ ಮನುಷ್ಯ ಗೇಜ್ ರಿಜಿಸ್ಟರಿನ ನಕಲು ಮುಂದಿಟ್ಟರೆ ಅವನ ಪಂಪು, ಪಕ್ಷ, ಸಾಲ ಯಾವುದೂ ಲೆಕ್ಕಕ್ಕಿಲ್ಲ. ಅವನು ಕಳ್ಳನೇ ಆದರೂ ರಿಜಿಸ್ಟರಿನ ಅಂಕಿ ಅಷ್ಟೇ ಇರುತ್ತದೆ. ಅಂಕಿ ತಪ್ಪಿದ್ದರೆ ಗೇಜಿನ ಹತ್ತಿರ ಹೋಗಿ ತೋರಿಸಬೇಕು.

ಸ್ವಹಿತಾಸಕ್ತಿಯ ವಿಷಯ ಮಾತ್ರ ಸ್ವಲ್ಪ ನಾಜೂಕು. ಕಾಲುವೆ ದುರಸ್ತಿ ಚೆನ್ನಾಗಿದೆ ಎಂದು ಆ ಕೆಲಸದ ಗುತ್ತಿಗೆದಾರನೇ ಹೇಳಿದರೆ ಅದನ್ನು ಎತ್ತಿ ತೋರಿಸಲೇಬೇಕು. ಆದರೆ ಅದರಿಂದ ಸಿಗುವುದು ಮತ್ತೊಮ್ಮೆ ಪರೀಕ್ಷಿಸಲು ಕಾರಣವಷ್ಟೇ. ಕೆಲಸ ಕಳಪೆ ಎಂಬ ರುಜುವಾತು ಅಲ್ಲ. ಓದಿದವರೂ ಇಲ್ಲಿ ಎಡವುತ್ತಾರೆ.

ಏಟು ತಿಂದವನು ಸಾಮಾನ್ಯವಾಗಿ ಎರಡು ರೀತಿ ಸೋಲುತ್ತಾನೆ. ಒಂದೋ ತನ್ನ ಇಡೀ ಚರಿತ್ರೆ ಸಮರ್ಥಿಸಲು ಕೂರುತ್ತಾನೆ, ಇಲ್ಲವೇ ‘ನಿಂದೇನ್ ಕಡಿಮಿ ಐತಾ’ ಎಂದು ತಿರುಗಿ ಬೀಳುತ್ತಾನೆ. ಆರೋಪಕ್ಕೆ ಒಂದು ವಾಕ್ಯ ಸಾಕು, ಸಮಜಾಯಿಷಿಗೆ ಹತ್ತು ಬೇಕು; ಎದುರಾಳಿ ಬಯಸಿದ್ದೂ ಅದನ್ನೇ. ನಿಜವಿದ್ದರೆ ಒಪ್ಪಿ, ಸುಳ್ಳಿದ್ದರೆ ಒಂದೇ ಸಲ ಅಲ್ಲಗಳೆದು, ಅದೇ ಉಸಿರಿನಲ್ಲಿ ವಿಷಯಕ್ಕೆ ಮರಳಬೇಕು: ‘ಹೌದ್ರಿ, ಹ್ವಾದ ವರ್ಷ ಇತ್ತು, ತೆಗ್ಸ್ಯಾರ. ಈಗ 104ರ ಗೇಜ್ ಪುಸ್ತಕ ತೆಗೀರಿ.’ ಆಗ ಏಟು ಕೊಟ್ಟವನೇ ಸಪ್ಪಗಾಗುತ್ತಾನೆ. ಅನಗತ್ಯವಾಗಿ ಸಾಕ್ಷಿಯ ಮಾನ ತೆಗೆಯಲು ಹೋಗುವ ವಕೀಲರಿಗೂ ಕೋರ್ಟಿನಲ್ಲಿ ಇದೇ ಪಾಡು: ಸಾಕ್ಷಿ ತಣ್ಣಗೆ ಒಪ್ಪಿಕೊಂಡುಬಿಟ್ಟರೆ ಕನಿಕರವೆಲ್ಲ ಅವನ ಕಡೆ.

ಅಧ್ಯಕ್ಷತೆ ವಹಿಸಿದವರು ಚರ್ಚೆಯ ಪ್ರಶ್ನೆಯನ್ನು ಮೊದಲೇ ನಡಾವಳಿ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆಸಿಡಲಿ. ‘ಮೈಲ್ 104ರಲ್ಲಿ ಈ ವಾರ ಗೇಜ್ ಎಷ್ಟು, ಕಡಿಮೆಯಾಗಿದ್ದರೆ ಏಕೆ?’ ಯಾರಾದರೂ ಇನ್ನೊಬ್ಬರ ಮೇಲೆ ಹೋದಾಗ, ‘ಇದರಿಂದ ಅಂಕಿ ಬದಲಾಗುತ್ತದೇನ್ರಿ?’ ಎಂದು ಕೇಳಬೇಕು. ಬದಲಾಗುವುದಾದರೆ ಬರೆದುಕೊಳ್ಳಿ, ಇಲ್ಲದಿದ್ದರೆ ಮುಂದಿನವರನ್ನು ಕರೆಯಿರಿ. ‘ಎಲ್ಲರೂ ಸಮಾಧಾನದಿಂದಿರಿ’ ಎಂಬ ಮಾತಿನಿಂದ ಯಾವ ಪ್ರಯೋಜನವೂ ಇಲ್ಲ.

ಜಾತಿ ಎತ್ತಿ ಆಡಿದ ಮಾತು ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಆ ವರ್ಗಕ್ಕೆ ಸೇರದವರು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರಿನಿಂದ ಬೈದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಎಸ್) ಅಡಿ ಅಪರಾಧ. ಅಂಥ ಮಾತು ಬಂದರೆ ಅಧ್ಯಕ್ಷರು ಅಲ್ಲಿಯೇ ತಡೆದು, ಆಡಿದ ಮಾತು, ಆಡಿದವರ ಹೆಸರು, ಹೊತ್ತು, ಅಲ್ಲಿದ್ದವರ ಹೆಸರನ್ನು ಇದ್ದದ್ದು ಇದ್ದಂತೆ ನಡಾವಳಿಯಲ್ಲಿ ಬರೆಸಬೇಕು. ‘ಅವಾಚ್ಯವಾಗಿ ನಿಂದಿಸಿದರು’ ಎಂದಷ್ಟೇ ಬರೆದರೆ ನಾಳೆ ಕೋರ್ಟಿನಲ್ಲಿ ಆ ಪುಟ ನಿಲ್ಲುವುದು ಕಷ್ಟ.