ದೇಶ ಬಿಟ್ಟು ಬಂದ ಕಲಾವಿದರನ್ನು ಕರೆಸುವ ಮುನ್ನ

ಕಲಾವಿದರನ್ನು ಕರೆಸಿ, ಕೆಲವು ತಿಂಗಳು ಇರಲು ಕೋಣೆ, ಕೆಲಸಕ್ಕೆ ಜಾಗ, ಖರ್ಚಿಗೆ ಹಣ ಕೊಡುವುದಕ್ಕೆ ಮ್ಯೂಸಿಯಂಗಳು ರೆಸಿಡೆನ್ಸಿ ಅನ್ನುತ್ತವೆ. ಕೊನೆಗೊಂದು ಪ್ರದರ್ಶನ ಆಗಬೇಕು, ಒಂದು ಕೃತಿ ಸಂಗ್ರಹಕ್ಕೆ ಸೇರಬೇಕು ಎಂಬ ಕರಾರು ಸಾಮಾನ್ಯ. ಬಳ್ಳಾರಿಯಲ್ಲಿ ಕೂತು ಕಲಾಕೃತಿಗಳ ಸಂರಕ್ಷಣೆಯ ಕೆಲಸ ಮಾಡುವ ನನಗೆ, ದೇಶ ಬಿಟ್ಟು ಓಡಿಬಂದವರ ಮೇಲೆ ಈ ಕರಾರು ಹೇರಬಾರದು ಅನ್ನಿಸುತ್ತದೆ.

ಕುರ್ಟ್ ಶ್ವಿಟ್ಟರ್ಸ್ ಅವರ ಬದುಕನ್ನೇ ನೋಡಿ. ಜರ್ಮನಿಯ ಹ್ಯಾನೋವರ್‌ನಲ್ಲಿ ತಮ್ಮ ಮನೆಯ ಒಳಭಾಗವನ್ನೇ ವರ್ಷಗಟ್ಟಲೆ ಒಂದು ಕಲಾಕೃತಿಯಾಗಿ ಕಟ್ಟುತ್ತ ಬಂದವರು. ಅದನ್ನು ಮೆರ್ಟ್ಸ್‌ಬೌ ಅನ್ನುತ್ತಾರೆ. ನಾಜಿಗಳ ಕಾಟಕ್ಕೆ 1937ರಲ್ಲಿ ನಾರ್ವೆಗೆ ಹೋದರು, 1940ರಲ್ಲಿ ಅಲ್ಲಿಂದಲೂ ತಪ್ಪಿಸಿಕೊಂಡು ಬ್ರಿಟನ್ ಸೇರಿದರು. ಬ್ರಿಟನ್ ಅವರನ್ನು ಶತ್ರುದೇಶದವರೆಂದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿಟ್ಟಿತು. ಅಲ್ಲಿ ನೆಲಕ್ಕೆ ಹಾಸಿದ ಲಿನೋಲಿಯಂ ಕಿತ್ತು ಚಿತ್ರ ಬರೆದರು. ತಿಂದುಳಿದ ಓಟ್ಸ್ ಗಂಜಿಯಲ್ಲಿ ಶಿಲ್ಪ ಮಾಡಿದರು. ಗಂಜಿಗೆ ಬೂಸ್ಟು ಹಿಡಿಯಿತು, ನಾರಿತು, ಒಂದೂ ಉಳಿಯಲಿಲ್ಲ. 1943ರ ಬಾಂಬ್ ದಾಳಿಯಲ್ಲಿ ಹ್ಯಾನೋವರ್‌ನ ಮನೆಯೂ ಹೋಯಿತು.

1947ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಹಳೆಯ ಮೆರ್ಟ್ಸ್‌ಬೌ ಕೆಲಸಕ್ಕೆಂದು 1,000 ಡಾಲರ್ ಮಂಜೂರು ಮಾಡಿತು. ಅವರು ಆ ನೆರವಿನಲ್ಲಿ ಇಂಗ್ಲೆಂಡಿನ ಎಲ್ಟರ್‌ವಾಟರ್‌ನ ಕಲ್ಲಿನ ಕೊಟ್ಟಿಗೆಯೊಂದರ ಗೋಡೆಯ ಮೇಲೆ ಹೊಸದನ್ನೇ ಶುರು ಮಾಡಿದರು. ಬ್ರಿಟಿಷ್ ಪೌರತ್ವ ಸಿಕ್ಕ ಸುದ್ದಿ ಬಂದ ಮರುದಿನ, 1948ರ ಜನವರಿ 8ರಂದು ತೀರಿಕೊಂಡರು. ಅಪೂರ್ಣವಾಗಿ ಉಳಿದ ಆ ಗೋಡೆಯನ್ನು 1965ರಲ್ಲಿ ಇಡಿಯಾಗಿ ನ್ಯೂಕ್ಯಾಸಲ್‌ನ ಹ್ಯಾಟನ್ ಗ್ಯಾಲರಿಗೆ ಸಾಗಿಸಿದರು. ಕಳೆದುಹೋದದ್ದನ್ನೇ ಮತ್ತೆ ಕಟ್ಟಿಕೊಡು ಎಂದು ನ್ಯೂಯಾರ್ಕಿನ ಮ್ಯೂಸಿಯಂ ಪಟ್ಟು ಹಿಡಿದಿದ್ದರೆ ಆ ಗೋಡೆ ಇರುತ್ತಲೇ ಇರಲಿಲ್ಲ.

ನಮ್ಮ ಕಡೆ ಇಂಥದ್ದು ಮಾಡಲು ಸಾಧ್ಯವೇ? ಖಂಡಿತ ಸಾಧ್ಯ. ಪೂರ್ವ ಬಂಗಾಳದಿಂದ ಬಂದವರು ಸಿಂಧನೂರಿನ ಕ್ಯಾಂಪುಗಳಲ್ಲಿ ಬದುಕು ಕಟ್ಟಿಕೊಂಡ ಸೀಮೆ ಇದು. ಕೊಪ್ಪಳದ ಪಕ್ಕದಲ್ಲೇ ಕಿನ್ನಾಳವಿದೆ. ಅಲ್ಲಿಯ ಚಿತ್ರಗಾರರು ಹಗುರ ಮರದ ಗೊಂಬೆಗೆ ಸೆಣಬಿನ ಪುಡಿ, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ ಮೆತ್ತಿ, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಸಾಮಾನೆಲ್ಲ ಬಿಟ್ಟು ಬಂದ ಕಲಾವಿದೆಗೆ ಇಂಥ ಕೈಗಳ ಪಕ್ಕ ಒಂದು ಜಾಗ ಸಿಕ್ಕರೆ ಅದಕ್ಕಿಂತ ದೊಡ್ಡ ಸ್ಟುಡಿಯೊ ಬೇಕಿಲ್ಲ.

ಆದರೆ ಇಲ್ಲಿಯ ಹವೆಯ ಬಗ್ಗೆ ಮೊದಲೇ ಹೇಳಬೇಕು. ಬೇಸಿಗೆ 40 ಡಿಗ್ರಿ ದಾಟಿದಾಗ ಮರ ಒಣಗಿ ಕುಗ್ಗುತ್ತದೆ, ಕಿಟ್ಟ ಅಷ್ಟು ಕುಗ್ಗುವುದಿಲ್ಲ. ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಮಳೆ ಹಿಡಿದರೆ ಹುಣಸೆ ಅಂಟಿಗೆ ಬೂಸ್ಟು, ಹುಳು. ಕೃತಿ ಉಳಿಯಬೇಕೆಂದರೆ ಯಾವ ಅಂಟು, ಯಾವ ಬಣ್ಣ ಎಂದು ಕೆಲಸ ನಡೆಯುತ್ತಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಹಾಳಾಗುವುದೇ ಈ ಕೃತಿಯ ಅರ್ಥ ಎಂದು ಕಲಾವಿದೆ ಹೇಳಿದರೆ ಅದನ್ನೂ ಬರೆದು ಸಹಿ ಹಾಕಿಸಿಕೊಳ್ಳಿ. ಆಮೇಲೆ ನನ್ನಂಥವರು ಬಂದು ರಿಪೇರಿ ಮಾಡಿ ಚೆಂದ ಕಾಣಿಸುವುದು ತಪ್ಪುತ್ತದೆ.

ವಿದೇಶಿಯರು ತಂಗಿದ 24 ಗಂಟೆಯೊಳಗೆ ಆತಿಥೇಯರು ಅಧಿಕಾರಿಗಳಿಗೆ ಮಾಹಿತಿ ಕೊಡಬೇಕು. ಆ ಓಡಾಟ ಮ್ಯೂಸಿಯಂನದು. ಇನ್ನು ಫೋಟೊ ವಿಷಯ. ಉದ್ಘಾಟನೆ, ಹಾರ, ಶಾಲು, ಕೂಡಲೇ ಫೇಸ್‌ಬುಕ್ಕು ನಮ್ಮ ರೂಢಿ. ಇವರ ವಿಷಯದಲ್ಲಿ ಹೆಸರು, ಮುಖ, ಇಳಿದುಕೊಂಡ ಜಾಗ ಯಾವುದನ್ನೂ ಅವರ ಒಪ್ಪಿಗೆಯಿಲ್ಲದೆ ಹಾಕಬೇಡಿ. ಅವರ ಅಪ್ಪ, ಅಮ್ಮ, ತಮ್ಮ ಇನ್ನೂ ಬಿಟ್ಟುಬಂದ ದೇಶದಲ್ಲೇ ಇರಬಹುದು, ಪೊಲೀಸರು ಬಾಗಿಲು ಬಡಿಯುವುದು ಅವರ ಮನೆಯದು.