ಅಯೋವಾ ಸಿಟಿಯ ಹಳೆಯ ಕಟ್ಟಡಗಳು: ರಕ್ಷಣೆ ಎಲ್ಲಿಯವರೆಗೆ?

ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿರುವ ವಿಶ್ವವಿದ್ಯಾಲಯದ ಊರು ಅಯೋವಾ ಸಿಟಿ. ಅಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವುವ ಮಾತು ಬಂದಾಗ, ಅದು ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿದ್ದರೆ ಯಾರೂ ಮುಟ್ಟುವಂತಿಲ್ಲ ಎಂದು ನಂಬುವವರು ಅನೇಕರು. ಆ ನಂಬಿಕೆ ಸರಿಯಲ್ಲ. ಅದು ಬೇರೂರಿದ್ದಕ್ಕೆ ಬಹುಮಟ್ಟಿಗೆ ಕಾರಣ, ಊರಿನ ನಡುವಿನ ದಿಣ್ಣೆಯ ಮೇಲೆ ಚಿನ್ನದ ಲೇಪದ ಗುಮ್ಮಟ ಹೊತ್ತು ನಿಂತಿರುವ ಓಲ್ಡ್ ಕ್ಯಾಪಿಟಲ್ ಕಟ್ಟಡಕ್ಕೆ ಸಿಕ್ಕಿರುವ ಆರೈಕೆ.

1840ರ ಜುಲೈ 4ರಂದು ಪ್ರಾಂತ್ಯದ ಶಾಸನಸಭೆಗಾಗಿ ಇದಕ್ಕೆ ಅಡಿಗಲ್ಲು ಹಾಕಲಾಯಿತು. 1846ರಲ್ಲಿ ಅಯೋವಾ ರಾಜ್ಯವಾಯಿತು, 1857ರಲ್ಲಿ ರಾಜಧಾನಿ ಡೆ ಮೊಯಿನ್‌ಗೆ ಹೋಯಿತು, ಕಟ್ಟಡ ವಿಶ್ವವಿದ್ಯಾಲಯದ ಪಾಲಿಗೆ ಬಂತು. ಪಾಠ, ಗ್ರಂಥಾಲಯ, ಆಡಳಿತ ಎಂದು ಸದಾ ಏನಾದರೊಂದು ಕೆಲಸಕ್ಕೆ ಬಳಕೆಯಲ್ಲಿದ್ದುದರಿಂದಲೇ ಅದು ಪಾಳು ಬೀಳಲಿಲ್ಲ. 1970ರ ದಶಕದ ಜೀರ್ಣೋದ್ಧಾರದ ಬಳಿಕ, 1976ರಲ್ಲಿ, ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು. ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆಯೂ ಅದೇ ವರ್ಷ ದೊರೆಯಿತು.

ಈ ಆರೈಕೆಗೆ ನಿಜವಾದ ಪರೀಕ್ಷೆ ಒದಗಿದ್ದು 2001ರ ನವೆಂಬರ್ 20ರ ಬೆಳಿಗ್ಗೆ. ದುರಸ್ತಿಯ ಭಾಗವಾಗಿ ಗುಮ್ಮಟದ ಭಾಗದಲ್ಲಿ ಹಳೆಯ ಪದರಗಳನ್ನು ಶಾಖ ಕೊಟ್ಟು ತೆಗೆಯುತ್ತಿದ್ದಾಗ ಅಲ್ಲಿನ ಮರದ ಭಾಗಗಳಿಗೆ ಬೆಂಕಿ ತಗುಲಿ, ಗುಮ್ಮಟವೂ ಅದರ ಕೆಳಗಿದ್ದ ಗಂಟೆಯೂ ನಾಶವಾದವು. 1920ರ ದಶಕದ ದುರಸ್ತಿಯಲ್ಲಿ ಗುಮ್ಮಟದ ಕೆಳಗೆ ಹಾಕಿದ್ದ ಕಾಂಕ್ರೀಟ್ ಹಲಗೆ ಬೆಂಕಿಯನ್ನು ಕೆಳಗಿಳಿಯದಂತೆ ತಡೆಯಿತು. ಆದರೆ ಬೆಂಕಿ ಆರಿಸಲು ಸುರಿದ ನೀರು ಕೋಣೆಗಳಿಗೆಲ್ಲ ಇಳಿದು, ಒಳಾಂಗಣವನ್ನೂ ಸರಿಪಡಿಸಬೇಕಾಯಿತು. 2003ರಲ್ಲಿ ಮತ್ತೆ ಮರದಲ್ಲೇ ಕಟ್ಟಿದ ಗುಮ್ಮಟವನ್ನು ಮೇಲೇರಿಸಿ ಚಿನ್ನದ ತೆಳು ರೇಕು ಹೊದಿಸಲಾಯಿತು. ಸಂಗ್ರಹಾಲಯದ ಬಾಗಿಲು ಪುನಃ ತೆರೆದದ್ದು 2006ರಲ್ಲಿ. ಅಷ್ಟು ವರ್ಷ ಕಾಯುವ ತಾಳ್ಮೆ, ಹಣ ಹೊಂದಿಸುವ ಶಕ್ತಿ ಎರಡೂ ಇದ್ದ ಮಾಲೀಕ ಆ ಕಟ್ಟಡಕ್ಕಿದ್ದ ಎಂಬುದನ್ನು ಮರೆಯಬಾರದು.

ದಿಣ್ಣೆಯಿಂದ ಕೆಳಗಿಳಿದರೆ ಚರಿತ್ರೆ ಬೇರೆಯೇ ದಿಕ್ಕು ಹಿಡಿದಿದೆ. 1960–70ರ ದಶಕಗಳಲ್ಲಿ, ಕೇಂದ್ರ ಸರ್ಕಾರದ ನೆರವಿನ ನಗರ ನವೀಕರಣ ಯೋಜನೆಯಡಿ ಪೇಟೆಯ ನಡುಭಾಗದ ಹಲವು ಹಳೆಯ ಕಟ್ಟಡಗಳನ್ನು ನೆಲಸಮ ಮಾಡಲಾಯಿತು. ಪೇಟೆ ಸೊರಗುತ್ತಿದೆ, ವ್ಯಾಪಾರ ಹೊರವಲಯಕ್ಕೆ ಹೋಗುತ್ತಿದೆ ಎಂಬ ಆತಂಕ ಆಗ ಸುಳ್ಳೇನೂ ಆಗಿರಲಿಲ್ಲ. ತೆರವಾದ ಜಾಗದ ಒಂದು ಭಾಗದಲ್ಲಿ 1981ರಲ್ಲಿ ತೆರೆದ ಮಾಲ್‌ನಲ್ಲಿ ಮುಂದೆ ಅಂಗಡಿಗಳು ಕಡಿಮೆಯಾಗುತ್ತ ಬಂದವು. ಅದರ ಬಹುಪಾಲು ವಿಶ್ವವಿದ್ಯಾಲಯದ ಕೈಸೇರಿತು. ಇಟ್ಟಿಗೆಯ ಆ ಅಂಗಡಿ ಸಾಲುಗಳು ಉಳಿದಿದ್ದರೆ ಪೇಟೆಗೆ ಹೆಚ್ಚು ಲಾಭವಿತ್ತೆಂದು ಇಂದು ಅನ್ನಿಸದಿರದು.

1912ರ ಇಂಗ್ಲರ್ಟ್ ರಂಗಮಂದಿರ ಇದಕ್ಕೊಂದು ಅಪವಾದ. ಅದು 1999ರಲ್ಲಿ ಕೈಬದಲಾಗುವ ಹಂತಕ್ಕೆ ಬಂದಾಗ ನಗರಾಡಳಿತವೇ ಖರೀದಿಸಿತು. ಊರವರು ದೇಣಿಗೆ ಕೂಡಿಸಿ 2004ರಲ್ಲಿ ಮತ್ತೆ ತೆರೆದರು.

ಉಳಿದ ಕಟ್ಟಡಗಳ ಗತಿ ಕಾನೂನಿಗೆ ಬಿಟ್ಟದ್ದು. ಪೇಟೆಯ ಐತಿಹಾಸಿಕ ಪ್ರದೇಶ 2021ರಲ್ಲಿ ರಾಷ್ಟ್ರೀಯ ಪಟ್ಟಿಗೆ ಸೇರಿತು. ಈ ಪಟ್ಟಿಯಿಂದ ಗೌರವವೂ ದುರಸ್ತಿಗೆ ತೆರಿಗೆ ರಿಯಾಯಿತಿಯ ದಾರಿಯೂ ಸಿಗುತ್ತವೆಯೇ ಹೊರತು, ಖಾಸಗಿ ಮಾಲೀಕ ತನ್ನ ಹಣದಲ್ಲಿ ಕಟ್ಟಡ ಕೆಡವುವುದನ್ನು ಅದು ತಡೆಯುವುದಿಲ್ಲ. ತಡೆಯುವ ಅಧಿಕಾರವಿರುವುದು ನಗರ ಮಂಡಳಿ ಕೊಡುವ ಸ್ಥಳೀಯ ಹೆಗ್ಗುರುತಿನ ಮಾನ್ಯತೆಗೆ. ಅದು ವಲಯ ಬದಲಾವಣೆಯ, ಅಂದರೆ ಆ ಜಾಗದ ಬಳಕೆಯ ನಿಯಮ ಬದಲಿಸುವ, ರೂಪದಲ್ಲಿ ಬರುವುದರಿಂದ, ಮಾಲೀಕರು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ರಾಜ್ಯದ ಕಾನೂನಿನಂತೆ ಮಂಡಳಿಯ ಮುಕ್ಕಾಲು ಪಾಲು ಸದಸ್ಯರ ಒಪ್ಪಿಗೆ ಬೇಕು. ಏಳು ಸದಸ್ಯರ ಮಂಡಳಿಯಲ್ಲಿ ಆರು ಮತ ಎಂದಾಯಿತು. ನಗರದ ಐತಿಹಾಸಿಕ ಸಂರಕ್ಷಣಾ ಆಯೋಗ ಶಿಫಾರಸು ಮಾಡಿ, ಐವರು ಸದಸ್ಯರು ಒಪ್ಪಿದರೂ ಆ ಕಟ್ಟಡಕ್ಕೆ ರಕ್ಷಣೆ ಸಿಗುವುದಿಲ್ಲ.